ದೀಪಕ್ಕೊಂದು ಲೆಕ್ಕ, ಆಮ್ಲಜನಕಕ್ಕೊಂದು ಲೆಕ್ಕ

2020ರ ಮೇ 12, ಮಂಗಳವಾರ. ಆರೋಗ್ಯ ಇಲಾಖೆಯ ಆ ದಿನದ ಕೊರೊನಾ ಬುಲೆಟಿನ್ನಿನಲ್ಲಿ ಕೋಲಾರದ ಹೆಸರು ಮೊದಲ ಸಲ ಕಾಣಿಸಿತು. ಐದು ಪ್ರಕರಣ, ಐದೂ ಮುಳಬಾಗಿಲು ತಾಲ್ಲೂಕಿನವು. ಅದೇ ರಾತ್ರಿ ಎಂಟು ಗಂಟೆಗೆ ಪ್ರಧಾನಿ ನರೇಂದ್ರ ಮೋದಿ ಟಿ.ವಿ.ಯಲ್ಲಿ ಮಾತಾಡಿ 20 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ‘ಆತ್ಮನಿರ್ಭರ’ ಎಂಬ ಪದ ಮನೆಮನೆಗೂ ಬಂದದ್ದು ಅಂದೇ. ಮುಳಬಾಗಿಲಿನವರಿಗೆ ಆ ಪದದ ಜೊತೆಗೇ ‘ಸೀಲ್‌ಡೌನ್’ ಎಂಬ ಇನ್ನೊಂದೂ ಬಂತು.

ಅಲ್ಲಿಯವರೆಗೆ ಕೋಲಾರ ಹಸಿರು ವಲಯ. ಪಶ್ಚಿಮಕ್ಕೆ ಬೆಂಗಳೂರು ಕೆಂಪಾಗಿತ್ತು, ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಮಾರ್ಚಿನಲ್ಲೇ ಸೋಂಕು ಕಂಡಿತ್ತು, ಗಡಿಯಾಚೆ ಚಿತ್ತೂರಿನಲ್ಲೂ ಇತ್ತು. ನಡುವೆ ಕೋಲಾರ ಮಾತ್ರ ಸೊನ್ನೆ ಹಿಡಿದುಕೊಂಡು ಕೂತಿತ್ತು. ಚಪ್ಪಾಳೆ ತಟ್ಟಿದ್ದು, ತಟ್ಟೆ ಬಡಿದದ್ದು, ದೀಪ ಹಚ್ಚಿದ್ದು, 21 ದಿನ ಬಾಗಿಲು ಹಾಕಿಕೊಂಡದ್ದು, ಮತ್ತೆ 19 ದಿನ ಹಾಕಿಕೊಂಡದ್ದು ಎಲ್ಲವೂ ಒಬ್ಬ ರೋಗಿಯೂ ಪತ್ತೆಯಾಗದ ಜಿಲ್ಲೆಯಲ್ಲಿ ನಡೆದುಹೋಯಿತು. ರೋಗಕ್ಕಿಂತ ಮೊದಲು ನಂಬಿಕೆ ಬಂದು ಕೂತಿತ್ತು. ಸಂಕಟದ ಕಾಲದಲ್ಲಿ ದೇಶದ ನಾಯಕನನ್ನು ಜನ ಎಷ್ಟು ನಂಬಿದರು ಎಂದು ಲೆಕ್ಕ ಹಾಕುವವರು ಈ ಹಿಂದುಮುಂದನ್ನು ಮರೆಯಬಾರದು. ಇಲ್ಲದಿದ್ದರೆ ಆಮೇಲಿನ ಮೂರು-ನಾಲ್ಕು ವರ್ಷ ಜಿಲ್ಲೆ ನಡೆದುಕೊಂಡ ರೀತಿ ಅರ್ಥವೇ ಆಗುವುದಿಲ್ಲ.

ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಸಂಜೆ ಐದಕ್ಕೆ ಕೋಲಾರದ ಬೀದಿಗಳಲ್ಲಿ ತಟ್ಟೆ, ಗಂಟೆ, ತಮಟೆ, ಒಂದೆರಡು ಕಡೆ ಪಟಾಕಿ ಕೂಡ. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ. ಅಂದು ದೇಶದ ವಿದ್ಯುತ್ ಬೇಡಿಕೆ ಕೆಲವೇ ನಿಮಿಷಗಳಲ್ಲಿ ಸುಮಾರು 31 ಸಾವಿರ ಮೆಗಾವ್ಯಾಟ್ ಇಳಿಯಿತು. ಅಧಿಕಾರಿಗಳು ಅಂದಾಜು ಮಾಡಿದ್ದು ಅದರ ಅರ್ಧಕ್ಕಿಂತ ಕಡಿಮೆ. ಸಮೀಕ್ಷೆ ನಡೆಸುವವರು ಸಾವಿರ, ಎರಡು ಸಾವಿರ ಜನರನ್ನು ಕೇಳಿ ಶೇಕಡಾವಾರು ಹೇಳುತ್ತಾರೆ. ಇಲ್ಲಿ ಸ್ವಿಚ್ಚುಗಳೇ ಉತ್ತರ ಕೊಟ್ಟವು.

ಆಗ ಹಳ್ಳಿಕಟ್ಟೆಗಳ ಮಾತಿನ ಧಾಟಿ ಒಂದೇ: “ಆಯಪ್ಪ ಹೇಳವ್ನೆ ಅಂದ್ಮೇಲೆ ಏನೋ ಇರ್ತದೆ, ಮಾಡುದ್ರಾಯ್ತು ಬುಡಿ.” ಹಿಂದಿಯಲ್ಲಿ ಆಡಿದ ಮಾತು ಇಲ್ಲಿಗೆ ಮುಟ್ಟುತ್ತಿದ್ದುದು ಅರ್ಧ ಕನ್ನಡ ಚಾನೆಲ್ಲುಗಳಿಂದ, ಅರ್ಧ ತೆಲುಗು ಚಾನೆಲ್ಲುಗಳಿಂದ. ಶ್ರೀನಿವಾಸಪುರ, ಮುಳಬಾಗಿಲಿನ ಮನೆಗಳಲ್ಲಿ ಅಜ್ಜಿ ತೆಲುಗು, ಮೊಮ್ಮಗ ಕನ್ನಡ; ಎರಡರಲ್ಲೂ ಆಯಪ್ಪ ಒಬ್ಬನೇ. ಬೆಳಿಗ್ಗೆ ಆರಕ್ಕೆ ಊರ ಡೈರಿ ಮುಂದೆ ಸುಣ್ಣದಲ್ಲಿ ಬರೆದ ಸುತ್ತುಗಳಲ್ಲಿ ಹಾಲಿನ ಕ್ಯಾನು ಇಟ್ಟು, ಟವಲನ್ನೇ ಮೂಗಿಗೆ ಕಟ್ಟಿಕೊಂಡು, ಫ್ಯಾಟ್ ಎಷ್ಟು ಬಂತು ಎಂದು ಇಣುಕುತ್ತ ನಿಂತವರ ನಡುವೆಯೂ ಅದೇ ಚರ್ಚೆ: ರಾತ್ರಿ ಎಂಟಕ್ಕೆ ಮತ್ತೆ ಬರ್ತಾನಂತೆ, ಏನು ಹೇಳ್ತಾನೋ.

ಇದೇ ಜಿಲ್ಲೆ ಎರಡು ವರ್ಷದ ಹಿಂದೆ ಎಷ್ಟು ಅನುಮಾನದ್ದಾಗಿತ್ತು ಎಂದು ನೆನೆದರೆ ಈ ವಿಧೇಯತೆ ಸೋಜಿಗ ಅನಿಸುತ್ತದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ನರಸಾಪುರದ ಪಕ್ಕದ ಲಕ್ಷ್ಮೀಸಾಗರ ಕೆರೆಗೆ ಬಂದಾಗ, ಕೆರೆಯಲ್ಲಿ ನೊರೆ ಕಂಡ ಕೂಡಲೇ ಜಿಲ್ಲೆ ಎದ್ದು ಕೂತಿತ್ತು. ಮೂರನೇ ಹಂತದ ಸಂಸ್ಕರಣೆ ಎಲ್ಲಿ, ಲ್ಯಾಬ್ ವರದಿ ಎಲ್ಲಿ ಎಂದು ಶಾಶ್ವತ ನೀರಾವರಿ ಹೋರಾಟದವರು ಕೇಳಿದರು, ಹೈಕೋರ್ಟು ತಡೆ ಕೊಟ್ಟಿತು, ವಿಚಾರ ಸುಪ್ರೀಂ ಕೋರ್ಟಿಗೂ ಹೋಯಿತು. ಸಾವಿರದ ಇನ್ನೂರು ಅಡಿ ಕೊರೆದರೂ ಬೋರು ಒಣಗಿರುವ ನೆಲ; ನೀರು ಬೇಕೇ ಬೇಕು, ಆದರೂ ಜಿಲ್ಲೆ ವರದಿ ತೋರಿಸಿ ಎಂದಿತು. ಅದೇ ಜನ ತಟ್ಟೆ ಬಡಿಯುವಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನೀರು ಹೊಲಕ್ಕೆ ಬರುವ ವಸ್ತು, ತಟ್ಟೆ ಬಡಿದರೆ ಕಳೆದುಕೊಳ್ಳುವುದೇನೂ ಇಲ್ಲ ಎಂದು ಹೇಳಬಹುದು. ನನಗೆ ಮಾತ್ರ ಅಷ್ಟೇ ಅನಿಸುವುದಿಲ್ಲ. ಕಾಣದ ರೋಗದ ಮುಂದೆ ಏನಾದರೂ ಮಾಡಬೇಕು ಎಂಬ ಚಡಪಡಿಕೆಗೆ ಒಬ್ಬರು ಹೊತ್ತು ಗೊತ್ತುಮಾಡಿ ಕೊಟ್ಟರು. ಅದು ಸಣ್ಣ ಉಪಕಾರವಲ್ಲ.

ಲೋಕದ ಎಲ್ಲೆಡೆ ಆಗ ಹೀಗೇ ಇತ್ತು. ಯುರೋಪಿನಲ್ಲಿ ಸೋಂಕು ಮೊದಲು ಜೋರಾಗಿ ಅಪ್ಪಳಿಸಿದ ಇಟಲಿಯಲ್ಲಿ ಪ್ರಧಾನಿ ಕೊಂಟೆಯ ಜನಪ್ರಿಯತೆ ಏರಿತು. ಅಮೆರಿಕದಲ್ಲಿ ಟ್ರಂಪ್ ಕೂಡ ಮಾರ್ಚಿನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 49 ಮುಟ್ಟಿ, ಆಮೇಲೆ ಇಳಿದರು. ಮೋದಿಯವರದ್ದು 2020ರ ಮೇ ಹೊತ್ತಿಗೆ ಮಾರ್ನಿಂಗ್ ಕನ್ಸಲ್ಟ್ ಸಂಸ್ಥೆಯ ಲೆಕ್ಕದಲ್ಲಿ ಶೇ 80 ದಾಟಿತ್ತು. ಹೆದರಿದ ಮನೆ ಯಜಮಾನನ ಮುಖ ನೋಡುತ್ತದೆ.

ಎಲ್ಲ ಬೀದಿಗಳಲ್ಲೂ ದೀಪ ಒಂದೇ ಮನಸ್ಸಿನಿಂದ ಉರಿಯಿತು ಎಂದರೆ ಸುಳ್ಳಾಗುತ್ತದೆ. ದೆಹಲಿಯ ತಬ್ಲೀಗಿ ಸಮಾವೇಶದ ಸುದ್ದಿ ಮಾರ್ಚ್ ಕೊನೆಗೆ ಸಿಡಿದ ಮೇಲೆ ರಾಜ್ಯದ ಎಲ್ಲ ಕಡೆ ಮುಸ್ಲಿಂ ವ್ಯಾಪಾರಿಗಳ ತಳ್ಳುಗಾಡಿಯನ್ನು ಅನುಮಾನದ ಕಣ್ಣಿನಿಂದ ನೋಡುವ ಚಾಳಿ ಶುರುವಾಯಿತು. ಹಜರತ್ ಬಾಬಾ ಹೈದರ್ ವಲಿ ದರ್ಗಾ ಇರುವ ಮುಳಬಾಗಿಲಿನಂಥ ಊರಿನಲ್ಲಿ ಅದು ಹೇಗೆ ಚುಚ್ಚಿರಬಹುದೆಂದು ಬೇರೆ ಹೇಳಬೇಕಿಲ್ಲ. ಯಾರೇ ಆಗಲಿ ಮುಸ್ಲಿಮರ ವಿರುದ್ಧ ಮಾತಾಡಿದರೆ ಕ್ರಮ ಕೈಗೊಳ್ಳುತ್ತೇನೆ ಎಂದು ಮುಖ್ಯಮಂತ್ರಿ ಯಡಿಯೂರಪ್ಪ ಏಪ್ರಿಲ್ ಮೊದಲ ವಾರದಲ್ಲೇ ಬಿಡಿಸಿ ಹೇಳಿದರು. ಕೊರೊನಾ ಜಾತಿ ಧರ್ಮ ನೋಡಿ ಬರುವುದಿಲ್ಲ ಎಂಬ ಪ್ರಧಾನಿಯ ಮಾತು ಬರಲು ಏಪ್ರಿಲ್ 19 ಆಗಬೇಕಾಯಿತು, ಅದೂ ಲಿಂಕ್ಡ್‌ಇನ್ ಬರಹವೊಂದರಲ್ಲಿ. ರಾತ್ರಿ ಎಂಟರ ಭಾಷಣ ಕೇಳುವ ಮನೆಗಳಲ್ಲಿ ಲಿಂಕ್ಡ್‌ಇನ್ ಯಾರು ಓದುತ್ತಾರೆ?

ಇನ್ನು ಹೊಟ್ಟೆಯ ಪಾಡು. ಮಾಲೂರು, ಟೇಕಲ್, ಬಂಗಾರಪೇಟೆ, ಕೆಜಿಎಫ್‌ನ ಸಾವಿರಾರು ಜನಕ್ಕೆ ಬದುಕು ಎಂದರೆ ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು. ಗಾರ್ಮೆಂಟ್ಸ್, ಮನೆಗೆಲಸ, ಸೆಕ್ಯುರಿಟಿ, ಕಟ್ಟಡ ಕೆಲಸ, ಎಲ್ಲವೂ ಆ ರೈಲಿನ ತುದಿಗೆ ಕಟ್ಟಿಕೊಂಡಿವೆ. ಜನತಾ ಕರ್ಫ್ಯೂ ದಿನ ನಿಂತ ಪ್ಯಾಸೆಂಜರ್ ರೈಲುಗಳು ತಿಂಗಳುಗಟ್ಟಲೆ ಹೊರಡಲಿಲ್ಲ. ಜನಧನ್ ಖಾತೆಯ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು ಬಂತು, ತಲೆಗೆ ಐದು ಕೆಜಿ ಉಚಿತ ಅಕ್ಕಿ ಬಂತು. ಅಕ್ಕಿಯನ್ನು ಜನ ಮರೆಯಲಿಲ್ಲ. ನರೇಗಾ ಕೂಲಿ ಆ ವರ್ಷ 275 ರೂಪಾಯಿಗೆ ಏರಿದ್ದರಿಂದ, ಬೆಂಗಳೂರಿನಿಂದ ವಾಪಸಾದ ಹುಡುಗರು ಕೂಡ ಕೃಷಿಹೊಂಡ ತೋಡಲು ನಿಂತರು.

ಟೊಮೆಟೊ ಕಥೆ ಬೇರೆ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಕೋಲಾರದ ಎಪಿಎಂಸಿಯೂ ಒಂದು. ಹದಿನೈದು ಕೆಜಿಯ ಬಾಕ್ಸು ಇಲ್ಲಿನ ಅಳತೆ. ಸಾಲಾಗಿ ಜೋಡಿಸಿದ ಬಾಕ್ಸುಗಳ ಮುಂದೆ ಹರಾಜು ಕೂಗುವವ ಒಂದೊಂದು ರಾಶಿಗೂ ಕಾಲು ನಿಮಿಷ ನಿಲ್ಲುವುದಿಲ್ಲ. ರೈತ ಮಾತ್ರ ಬಾಕ್ಸಿನ ಮೇಲಿನ ಹಣ್ಣನ್ನು ಇನ್ನೊಮ್ಮೆ ಒರೆಸುತ್ತ ಅಲ್ಲೇ ನಿಂತಿರುತ್ತಾನೆ. ಕೊನೆಗೆ ಮಂಡಿಯವ ಕೊಡುವ ಚೀಟಿಯಲ್ಲಿ ಮುಂಗಡ, ಕಮಿಷನ್, ಬಾಡಿಗೆ ಎಲ್ಲ ಕಳೆದು ಉಳಿದದ್ದು ಕಾಣುತ್ತದೆ. ಲಾಕ್‌ಡೌನಿನಲ್ಲಿ ಲಾರಿಗೆ ಪಾಸಿತ್ತು, ಡ್ರೈವರಿಗೆ ದಾರಿಯಲ್ಲಿ ಊಟವಿರಲಿಲ್ಲ. ಮಾರುಕಟ್ಟೆ ತೆರೆದಿತ್ತು, ಹೋಟೆಲು ಮದುವೆ ಯಾವುದೂ ಇಲ್ಲದೆ ಕೊಳ್ಳುವವರಿರಲಿಲ್ಲ. ಕಿತ್ತ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಉಳಿಯಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25 ಸಾವಿರ, ಹಣ್ಣು ತರಕಾರಿಯವರಿಗೆ 15 ಸಾವಿರ ಪರಿಹಾರ ಪ್ರಕಟಿಸಿತು.

ಆ ಹೊತ್ತಿಗೆ ಶ್ರೀನಿವಾಸಪುರದಲ್ಲಿ ಮಾವು ಕೊಯ್ಲಿಗೆ ಬಂದಿತ್ತು. ಬಾದಾಮಿ, ರಸಪುರಿಯನ್ನು ಬೆಂಗಳೂರು ತಿನ್ನುತ್ತದೆ. ತೋತಾಪುರಿ ಮಾತ್ರ ಬಹುಪಾಲು ಗಡಿ ದಾಟಿ ಚಿತ್ತೂರು ಕಡೆಯ ತಿರುಳು ಕಾರ್ಖಾನೆಗಳಿಗೆ ಹೋಗಬೇಕು. ಗಡಿಯಲ್ಲಿ ನಂಗಲಿ ಚೆಕ್‌ಪೋಸ್ಟು. ಲಾಕ್‌ಡೌನಿನ ಮೊದಲ ವಾರವೇ ಮಂಗಳೂರಿನಿಂದ ಊರಿಗೆ ಹೊರಟಿದ್ದ ಆಂಧ್ರದ ಸಾವಿರಕ್ಕೂ ಹೆಚ್ಚು ಮೀನುಗಾರಿಕೆ ಕೂಲಿಗಳು ಇಲ್ಲಿ ಸಿಕ್ಕಿಹಾಕಿಕೊಂಡರು. ಅತ್ತಲವರು ಒಳಗೆ ಬಿಡಲಿಲ್ಲ, ಇತ್ತಲವರು ವಾಪಸು ಕಳಿಸುವಂತಿರಲಿಲ್ಲ. ಕೋಲಾರ ಜಿಲ್ಲಾಡಳಿತವೇ ಅವರಿಗೆ ಊಟ, ಇರವು ನೋಡಿಕೊಳ್ಳಬೇಕಾಯಿತು. ಮನೆಯ ಹೊಸ್ತಿಲೇ ಲಕ್ಷ್ಮಣರೇಖೆ ಎಂದು ಪ್ರಧಾನಿ ಹೇಳಿದ್ದರು. ಹೊಸ್ತಿಲು ನೂರಾರು ಮೈಲಿ ಆಚೆ ಇರುವವರು ರೇಖೆಯನ್ನು ಎಲ್ಲಿ ಎಳೆದುಕೊಳ್ಳಬೇಕು ಎಂಬ ಪ್ರಶ್ನೆ ನಂಗಲಿಯ ಟಾರು ರಸ್ತೆಯಲ್ಲಿ ಕೂತಿತ್ತು.

ಇಷ್ಟೆಲ್ಲ ನಷ್ಟವನ್ನು ಜನ ಯಾರ ತಲೆಗೆ ಕಟ್ಟಿದರು? ಈ ಲೇಖನದ ಗಂಟು ಇರುವುದು ಇಲ್ಲೇ. ಮಂಡಿಯ ಖಾತೆ ಪುಸ್ತಕದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಪುಟ ಇರುವ ಹಾಗೆ ಜನರ ಮನಸ್ಸಿನಲ್ಲೂ ಪುಟಗಳಿದ್ದವು. ದೆಹಲಿಯ ಪುಟದಲ್ಲಿ ಧೈರ್ಯ, ಅಕ್ಕಿ, ಆಮೇಲೆ ಲಸಿಕೆ. ಬೆಂಗಳೂರಿನ ಪುಟದಲ್ಲಿ ಪರಿಹಾರದ ಬಾಕಿ, ಬೆಡ್ಡು. ಡಿ.ಸಿ., ತಹಶೀಲ್ದಾರ್, ಆಸ್ಪತ್ರೆಯ ಪುಟದಲ್ಲಿ ಬೈಗುಳ. ಒಂದು ಪುಟದ ಸಾಲವನ್ನು ಇನ್ನೊಂದಕ್ಕೆ ವರ್ಗಾಯಿಸುವ ರೂಢಿ ಇರಲಿಲ್ಲ. ವಿರೋಧ ಪಕ್ಷದವರಿಗೆ ಇದು ಕೊನೆಯವರೆಗೂ ಬಿಡಿಸಲಾಗದ ಒಗಟಾಯಿತು. ಆಳುವವರಿಗೆ ಮೈಮರೆಯಲು ಒಂದು ನೆಪವಾಯಿತು.

ಸರ್ಕಾರದ ಮುಖ ಎಂದು ಹಳ್ಳಿಯ ಬಾಗಿಲಲ್ಲಿ ನಿಂತದ್ದು ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಮನೆಮನೆ ಸಮೀಕ್ಷೆಯ ಹಾಳೆ. ಬೆಂಗಳೂರಿನಿಂದ ಮಗ ಬಂದಿದ್ದಾನೆ ಎಂದು ಪಕ್ಕದ ಮನೆಯವರು ಗುಟ್ಟಾಗಿ ಹೇಳಿರುತ್ತಾರೆ. ಆ ಮನೆಯವರು ಬಂದೇ ಇಲ್ಲ ಎನ್ನುತ್ತಾರೆ. “ಅಕ್ಕ, ಹೆಸರು ಬರ್ಕೊಂಡ್ರೆ ಏನೂ ಮಾಡಲ್ಲ, ಹದಿನಾಲ್ಕು ದಿನ ಒಳಗಿದ್ರೆ ಸಾಕು” ಎಂದು ಇವಳು. “ನೀನೇ ನಮ್ಮೂರಿಗೆ ರೋಗ ತತ್ತೀಯ” ಎಂದು ಅವರು. ನಾಳೆ ಇದೇ ಮನೆಯ ಸೊಸೆಯ ಹೆರಿಗೆಗೆ ಇವಳೇ ಆಂಬುಲೆನ್ಸ್ ಕರೆಸಬೇಕು. ದೂರದ ನಾಯಕನ ಮಾತು ನಡೆಯಬೇಕಾದರೆ ಅದನ್ನು ಹತ್ತಿರದವರೊಬ್ಬರು ಬಾಗಿಲಲ್ಲಿ ನಿಂತು ಆಡಬೇಕು. ಆಡಿದವರ ಮೇಲೆ ಸಿಟ್ಟು, ಆಡಿಸಿದವರ ಮೇಲೆ ಭಕ್ತಿ. ಚಪ್ಪಾಳೆ ಆಶಾಗಳಿಗೂ ಸೇರಿದ್ದಾಗಿತ್ತು. 2020ರ ಜುಲೈ 10ರಿಂದ ರಾಜ್ಯದ ಆಶಾಗಳು ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಿದಾಗ ಬೀದಿಯಲ್ಲಿ ಯಾರೂ ತಟ್ಟೆ ಬಡಿಯಲಿಲ್ಲ.

ನಡುವೆ ಒಂದು ಮಾತು. ಆಗ ಕೋಲಾರ ಜಿಲ್ಲಾ ಉಸ್ತುವಾರಿ ಹೊತ್ತಿದ್ದವರು ಮುಳಬಾಗಿಲು ಶಾಸಕ ಎಚ್. ನಾಗೇಶ್, ಅವರ ಖಾತೆ ಅಬಕಾರಿ. ಮೇ 4ರಂದು ಮದ್ಯದಂಗಡಿ ತೆರೆದಾಗ ನಿಂತ ಸಾಲುಗಳಲ್ಲಿ ಅಂತರ ಎಂಬುದೇ ಇರಲಿಲ್ಲ. ಬೊಕ್ಕಸಕ್ಕೆ ದುಡ್ಡು ಬೇಕಿತ್ತು, ಸರಿ. ದೀಪದ ಒಂಬತ್ತು ನಿಮಿಷದ ಶಿಸ್ತಿಗೆ ಒಂದು ತಿಂಗಳು ತುಂಬುವ ಮೊದಲೇ ಹೀಗಾಯಿತಲ್ಲ ಎಂದು ಹಲ್ಲುಕಡಿದವರು ಬಹಳ, ಸಾಲಿನಲ್ಲಿ ನಿಂತವರು ಅದಕ್ಕಿಂತ ಬಹಳ.

ಆಳುವವರನ್ನು ನಂಬುವುದೋ ಬೇಡವೋ ಎಂಬ ಪೇಚಾಟ ಈ ನಾಡಿಗೆ ಹೊಸದಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಬೆಂಗಳೂರಿನಿಂದ ರೈಲು ಹಳಿಯ ಗುಂಟ ಅದು ಹರಡಿದಾಗ ಕೆಜಿಎಫ್‌ನ ಗಣಿ ಲೈನುಗಳೂ ಉಳಿಯಲಿಲ್ಲ. ಆಗ ಸಿಂಹಾಸನದ ಪರವಾಗಿ ಆಳುತ್ತಿದ್ದವರು ವಾಣಿವಿಲಾಸ ಸನ್ನಿಧಾನ, ದಿವಾನರು ಶೇಷಾದ್ರಿ ಅಯ್ಯರ್, ಪ್ಲೇಗು ಕಮಿಷನರ್ ಆಗಿದ್ದವರು ವಿ.ಪಿ. ಮಾಧವರಾವ್. ರೋಗಿಗಳನ್ನು ಮನೆಯಿಂದ ಎತ್ತಿ ಊರಾಚೆಯ ಶೆಡ್ಡುಗಳಿಗೆ ಸಾಗಿಸುವುದು, ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು ಅಂದಿನ ಕ್ರಮ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ತಿರುಗಿಬಿದ್ದು ಗಲಭೆಯೇ ಆಯಿತು. ಮಹಾರಾಣಿಯ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಮನೆಯೊಳಗೆ ನುಗ್ಗಿದ ಅಧಿಕಾರಿಯ ಮೇಲೆ. ಬೇರೆಬೇರೆ ಪುಟ ಇಡುವ ರೂಢಿ ಆಗಲೂ ಇತ್ತು. ಜನ ತಮ್ಮ ಕಾವಲಿಗೆ ಪ್ಲೇಗಮ್ಮನನ್ನು ಕೂರಿಸಿಕೊಂಡರು. ಚೇಳು ಕಡಿಯದಿರಲಿ ಎಂದು ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕಾಣಿಕೆ ಹಾಕುವ ಊರಿನವರಿಗೆ ಈ ಏರ್ಪಾಡು ವಿಚಿತ್ರವೇನಲ್ಲ. ಪ್ರತಿ ಭಯಕ್ಕೂ ಒಬ್ಬೊಬ್ಬ ಅಮ್ಮ ಇದ್ದಾಳೆ, ಮತ್ತು ಚೇಳು ಕಡಿದರೆ ಜನ ಆಸ್ಪತ್ರೆಗೂ ಹೋಗುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಥಾಮಸ್ ಹಿಕ್ಕಿ 1805ರಲ್ಲಿ ಬರೆದ ಮೈಸೂರಿನ ಅರಮನೆಯ ಹೆಂಗಸರ ಚಿತ್ರವಿದೆ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು, ಜನಕ್ಕೆ ಧೈರ್ಯ ಬರಲೆಂದು, ಎಂದು ಒಬ್ಬ ಇತಿಹಾಸಕಾರರು ವಾದಿಸಿದ್ದಾರೆ. ತೋಳು ತೋರಿಸುವ ರಾಜಕಾರಣ ಹಳೆಯದೇ. 2021ರ ಮಾರ್ಚ್ 1ರ ಬೆಳಿಗ್ಗೆ ದೆಹಲಿಯ ಏಮ್ಸ್‌ನಲ್ಲಿ ಪ್ರಧಾನಿ ಕೊವ್ಯಾಕ್ಸಿನ್ ಹಾಕಿಸಿಕೊಂಡು ಫೋಟೊ ಹಂಚಿಕೊಂಡರು. ಮೂರನೇ ಹಂತದ ಪ್ರಯೋಗದ ಫಲ ಬರುವ ಮುನ್ನವೇ ಅನುಮತಿ ಸಿಕ್ಕ ಲಸಿಕೆ ಎಂಬ ಅಳುಕು ಡಾಕ್ಟರುಗಳಲ್ಲೇ ಇತ್ತು. ಆ ಫೋಟೊ ವಾದದಿಂದ ಆಗದ್ದನ್ನು ಮಾಡಿತು. ಅದನ್ನು ಒಪ್ಪಲೇಬೇಕು. ಎರಡು ತಿಂಗಳು ಕಳೆದು ಮೇ ತಿಂಗಳಲ್ಲಿ ಉಪಮುಖ್ಯಮಂತ್ರಿ ಅಶ್ವತ್ಥನಾರಾಯಣ ಅವರು ಭಾರತ್ ಬಯೋಟೆಕ್ ಅದೇ ಲಸಿಕೆಯನ್ನು ಮಾಲೂರು ಕೈಗಾರಿಕಾ ಪ್ರದೇಶದಲ್ಲಿ ತಯಾರಿಸಲಿದೆ ಎಂದು ಪ್ರಕಟಿಸಿದರು. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಮಾಲೂರಿಗೆ ಇಂಥದ್ದೊಂದು ಸುದ್ದಿ! ಆ ವಾರ ಮಾಲೂರಿನ ಆಸ್ಪತ್ರೆಗಳ ಮುಂದೆ ಲಸಿಕೆ ಸಾಲದೆ ಜನ ಬೆಳಗಿನ ಜಾವದಿಂದ ಟೋಕನ್ನಿಗೆ ನಿಲ್ಲುತ್ತಿದ್ದರು ಎಂಬುದೂ ಅಷ್ಟೇ ನಿಜ.

ಎರಡನೇ ಅಲೆ ಬಂದಾಗ ಕಾಣದ ರೋಗ ಕಂಡಿತು. ಏಪ್ರಿಲ್ 17ರಂದು ಪಶ್ಚಿಮ ಬಂಗಾಳದ ಆಸನ್ಸೋಲ್‌ನಲ್ಲಿ ಪ್ರಧಾನಿ, ಎಲ್ಲಿ ನೋಡಿದರೂ ಜನವೋ ಜನ, ಇಂಥ ಸಭೆ ಕಂಡಿರಲಿಲ್ಲ ಎಂದು ಹಿಗ್ಗಿದರು. ಏಪ್ರಿಲ್ ಕೊನೆಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಕೋವಿಡ್ ರೋಗಿಗಳು ಸತ್ತಾಗ, ಆಮ್ಲಜನಕ ನಿಂತದ್ದೇ ಕಾರಣ ಎಂದು ಸಂಬಂಧಿಕರು ಆಸ್ಪತ್ರೆಯ ಮುಂದೆ ಕೂಗಾಡಿದರು. ಒಂದು ವಾರ ಕಳೆಯುವುದರೊಳಗೆ, ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ, ಚಾಮರಾಜನಗರದಲ್ಲಿ 24 ಜನ ಸತ್ತರು. ಆಗ ಕೋಲಾರದ ಕೂಗು ಇಡೀ ರಾಜ್ಯದ ಕೂಗಾಯಿತು. ಕರ್ನಾಟಕಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡಿ ಎಂದು ಹೈಕೋರ್ಟು ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಹೈಕೋರ್ಟಿನ ಮಾತೇ ನಿಂತಿತು. ನನ್ನ ಮಟ್ಟಿಗೆ ಆ ವರ್ಷದ ಅತಿ ಮುಖ್ಯ ಸುದ್ದಿ ಇದು. ಆಮ್ಲಜನಕ ಹಂಚುವ ಅಧಿಕಾರ ದೆಹಲಿಯದ್ದು ಎಂಬುದು ಕಾಗದದ ಮೇಲೆ ಎದ್ದು ಕಂಡ ಗಳಿಗೆ ಅದು. ಆದರೆ ಕೋಲಾರದ ಮನೆಗಳಲ್ಲಿ ಅದು ಕೋರ್ಟಿನ ಸುದ್ದಿಯಾಗಿ ಬಂದು ಹೋಯಿತು. ಸಿಲಿಂಡರಿನ ಮೀಟರ್ ನೋಡುತ್ತ ಕೂತವನ ಕಣ್ಣಿಗೆ ಕಾಣುವುದು ವಾರ್ಡಿನ ನರ್ಸು, ಬಾಗಿಲಲ್ಲಿ ನಿಂತ ಡಾಕ್ಟರು. ಎಸ್‌ಎನ್‌ಆರ್‌ನಲ್ಲಿ ಜಾಗವಿಲ್ಲ ಎಂದರೆ ಟಮಕದ ಜಾಲಪ್ಪ ಆಸ್ಪತ್ರೆ, ಅಲ್ಲಿಲ್ಲ ಎಂದರೆ ಇಟಿಸಿಎಂ ಆಸ್ಪತ್ರೆ, ಅಲ್ಲೂ ಇಲ್ಲ ಎಂದರೆ ಹೊಸಕೋಟೆ ದಾಟಿ ಬೆಂಗಳೂರು. ಆಂಬುಲೆನ್ಸಿನ ಈ ಓಟದಲ್ಲಿ ರಾಜ್ಯ ಯಾರದು ಕೇಂದ್ರ ಯಾರದು ಎಂದು ಯೋಚಿಸಲು ಯಾರಿಗೆ ಪುರಸೊತ್ತು?

ಖಾಸಗಿ ಆಸ್ಪತ್ರೆಗಳ ಬಿಲ್ಲಿನ ಮಾತು ಬಂದಾಗ ಶ್ರೀನಿವಾಸಪುರದವರಿಗೆ ಒಂದು ಹಳೆಯ ನೆನಪು. ಅವರ ಶಾಸಕ ಕೆ.ಆರ್. ರಮೇಶ್ ಕುಮಾರ್ 2017ರಲ್ಲಿ ಆರೋಗ್ಯ ಮಂತ್ರಿಯಾಗಿ, ಖಾಸಗಿ ಆಸ್ಪತ್ರೆಗಳ ದರಕ್ಕೆ ಲಗಾಮು ಹಾಕುವ ತಿದ್ದುಪಡಿ ಮಸೂದೆ ತಂದಿದ್ದರು. ಡಾಕ್ಟರುಗಳು ಹೊರರೋಗಿ ವಿಭಾಗ ಮುಚ್ಚಿ ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು, ಮಸೂದೆ ಹಲ್ಲು ಕಿತ್ತುಕೊಂಡು ಪಾಸಾಯಿತು. ಅಂದು ಮಂತ್ರಿಯನ್ನೇ ಬೈದವರಲ್ಲಿ ಎಷ್ಟೋ ಜನ ನಾಲ್ಕು ವರ್ಷಕ್ಕೆ ಐಸಿಯು ಬಿಲ್ ಹಿಡಿದು ನಿಂತಾಗ ಅದನ್ನು ನೆನೆದರು. ನೆನೆದದ್ದು ಓಟಾಗಲಿಲ್ಲ, 2023ರಲ್ಲಿ ರಮೇಶ್ ಕುಮಾರ್ ಸೋತರು.

ದೇಶದ ಮಟ್ಟದಲ್ಲಿ ಅಂಕಿಗಳು ಬಿದ್ದದ್ದು ನಿಜ. ಮಾರ್ನಿಂಗ್ ಕನ್ಸಲ್ಟ್ ಲೆಕ್ಕದಲ್ಲಿ 2021ರ ಮೇ ತಿಂಗಳಲ್ಲಿ ಮೋದಿಯವರ ಜನಪ್ರಿಯತೆ ಶೇ 63ಕ್ಕೆ ಇಳಿಯಿತು. ಆ ಸಂಸ್ಥೆ 2019ರಲ್ಲಿ ಎಣಿಕೆ ಶುರುಮಾಡಿದ ಮೇಲೆ ಅದೇ ತೀರ ಕೆಳಗಿನದು. ಸಿ-ವೋಟರ್ ಪ್ರಕಾರ ‘ತುಂಬಾ ತೃಪ್ತಿ’ ಎಂದವರು ಒಂದು ವರ್ಷದಲ್ಲಿ ಸುಮಾರು ಶೇ 65ರಿಂದ 37ಕ್ಕೆ ಬಂದರು. ಮುಂದಿನ ಪ್ರಧಾನಿಯಾಗಲು ಯಾರು ಯೋಗ್ಯರು ಎಂಬ ಇಂಡಿಯಾ ಟುಡೇ ಪ್ರಶ್ನೆಗೆ ಮೋದಿ ಎಂದವರು 2020ರ ಆಗಸ್ಟಿನಲ್ಲಿ ಶೇ 66, ಮರುವರ್ಷದ ಆಗಸ್ಟಿನಲ್ಲಿ 24. ಇಷ್ಟು ಕುಸಿದದ್ದು ಮತ್ತೆ ಏರಿತು ಹೇಗೆ? ಅಕ್ಕಿ ನಿಲ್ಲಲಿಲ್ಲ. ಜೂನ್ 7ರಂದು ಪ್ರಧಾನಿ ಮತ್ತೆ ಟಿ.ವಿ.ಗೆ ಬಂದು, 18 ದಾಟಿದ ಎಲ್ಲರಿಗೂ ಕೇಂದ್ರವೇ ಲಸಿಕೆ ಕೊಡುತ್ತದೆ ಎಂದರು. ರಾಜ್ಯಗಳು ತಾವೇ ಕೊಳ್ಳಬೇಕೆಂದಿದ್ದ ಗೊಂದಲ ಅಲ್ಲಿಗೆ ಮುಗಿಯಿತು. ಸೆಪ್ಟೆಂಬರ್ 17, ಪ್ರಧಾನಿಯ ಹುಟ್ಟುಹಬ್ಬದ ದಿನ, ದೇಶದಲ್ಲಿ ಎರಡೂವರೆ ಕೋಟಿ ಡೋಸ್ ದಾಟಿತು. ಅದರಲ್ಲಿ ಕರ್ನಾಟಕದ್ದು 25 ಲಕ್ಷಕ್ಕೂ ಮೇಲೆ, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಇಷ್ಟು ಹಾಕುವ ತಾಕತ್ತು ಇದ್ದದ್ದೇ ಆದರೆ ಹಿಂದಿನ ದಿನ ಏಕೆ ಹಾಕಲಿಲ್ಲ ಎಂದು ಕೇಳಿದ ಕೆಲವರು ರಸಭಂಗ ಮಾಡಿದವರೆನಿಸಿಕೊಂಡರು.

ಜಿಲ್ಲೆಯಲ್ಲೇ ಇನ್ನೊಂದು ಕಡೆ ದೆಹಲಿ ಕಣ್ಣಿಗೆ ಕಾಣುವ ಹಾಗೆ ಬಂತು. ಕೆಜಿಎಫ್‌ನಲ್ಲಿ 2001ರಲ್ಲಿ ಗಣಿಯ ಜೊತೆಗೇ ಮುಚ್ಚಿದ್ದ ಬಿಜಿಎಂಎಲ್ ಆಸ್ಪತ್ರೆಯನ್ನು ಎರಡನೇ ಅಲೆಯ ನಡುವೆ ತೊಳೆದು ಬಳಿದು ಕೋವಿಡ್ ಕೇಂದ್ರವಾಗಿ ತೆರೆದರು. ಕೇಂದ್ರದ ಗಣಿ ಇಲಾಖೆಯ ಆಸ್ತಿ, ಸಂಸದ ಎಸ್. ಮುನಿಸ್ವಾಮಿ ಮುಂದೆ ನಿಂತರು, ಸ್ವಯಂಸೇವಕರು ಇಪ್ಪತ್ತು ವರ್ಷದ ಧೂಳು ಹೊರಹಾಕಿದರು. ಗಣಿ ಕಾರ್ಮಿಕರ ಮಕ್ಕಳು ಹುಟ್ಟಿದ ವಾರ್ಡುಗಳಿಗೆ ಮತ್ತೆ ದೀಪ ಬಂತು. ಇಪ್ಪತ್ತು ವರ್ಷ ಅದನ್ನು ಮುಚ್ಚಿಟ್ಟವರು ಯಾರು ಎಂದು ಕೇಳಿದರೆ ಎಲ್ಲ ಪಕ್ಷಗಳ ಕೇಂದ್ರ ಸರ್ಕಾರಗಳೂ ಬರುತ್ತವೆ.

ಈಗ ಓಟಿನ ಲೆಕ್ಕಕ್ಕೆ ಬರೋಣ. ಏಳು ಸಲ ಗೆದ್ದಿದ್ದ ಕೆ.ಎಚ್. ಮುನಿಯಪ್ಪನವರನ್ನು 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಮುನಿಸ್ವಾಮಿ ಕೋಲಾರದ ಮೊದಲ ಬಿಜೆಪಿ ಸಂಸದರಾದದ್ದು ಕೊರೊನಾಕ್ಕೆ ಮೊದಲಿನ ಕಥೆ. ದೀಪ ಹಚ್ಚುವ ಮನಸ್ಸು ಆಗಲೇ ತಯಾರಿತ್ತು ಎಂಬುದಕ್ಕೆ ಅದು ಸಾಕ್ಷಿ. 2023ರ ಏಪ್ರಿಲ್ 30ರಂದು ಪ್ರಧಾನಿ ಕೋಲಾರಕ್ಕೆ ಬಂದರು. ವಿಷದ ಹಾವು ಎಂಬ ಕಾಂಗ್ರೆಸ್ಸಿನ ಖರ್ಗೆಯವರ ಮಾತಿಗೆ, ಹಾವು ಶಿವನ ಕೊರಳಲ್ಲಿರುತ್ತದೆ, ನನಗೆ ಜನರೇ ಶಿವ ಎಂದು ಉತ್ತರಿಸಿದರು, ಮೈದಾನ ತುಂಬಿತ್ತು. ಎರಡು ವಾರದಲ್ಲಿ ಫಲಿತಾಂಶ. ಜಿಲ್ಲೆಯ ಆರು ಸ್ಥಾನಗಳಲ್ಲಿ ನಾಲ್ಕು ಕಾಂಗ್ರೆಸ್, ಎರಡು ಜೆಡಿಎಸ್, ಬಿಜೆಪಿಗೆ ಸೊನ್ನೆ. ಕೋಲಾರ ಕೊತ್ತೂರು ಮಂಜುನಾಥ್‌ಗೆ, ಮುಳಬಾಗಿಲು ಸಮೃದ್ಧಿ ಮಂಜುನಾಥ್‌ಗೆ, ಶ್ರೀನಿವಾಸಪುರ ವೆಂಕಟಶಿವಾರೆಡ್ಡಿಯವರಿಗೆ. ಮಾಲೂರಿನಲ್ಲಿ ಕೆ.ವೈ. ನಂಜೇಗೌಡರ ಗೆಲುವಿನ ಅಂತರ 248 ಎಂದಾಗಿ, ಆ ಎಣಿಕೆ ಕೋರ್ಟಿನ ಮೆಟ್ಟಿಲು ಹತ್ತಿತು. ಮರುವರ್ಷ ಲೋಕಸಭೆಗೆ ಬಿಜೆಪಿ ಕೈಹಿಡಿದ ಜೆಡಿಎಸ್‌ನ ಮಲ್ಲೇಶ್ ಬಾಬು ಇದೇ ಮತದಾರರಿಂದ 70 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಜಾತಿ, ಹಣ, ಬಣ, ಮೈತ್ರಿ ಎಲ್ಲ ಇಲ್ಲಿ ಕೆಲಸ ಮಾಡಿವೆ, ಕಾಂಗ್ರೆಸ್ಸಿನ ಗ್ಯಾರಂಟಿಯೂ ಮಾಡಿದೆ. ಕೊರೊನಾ ಒಂದೇ ಇದನ್ನೆಲ್ಲ ಮಾಡಿತು ಎಂದರೆ ಹಾಸ್ಯಾಸ್ಪದ. ನಾನು ಹೇಳುವುದು ಇಷ್ಟೇ: ಆಮ್ಲಜನಕ ಸಿಗದೆ ಒದ್ದಾಡಿದ ಸಿಟ್ಟನ್ನು ಜನ ರಾಜ್ಯದ ಪುಟದಲ್ಲಿ ಬರೆದುಕೊಂಡಿದ್ದರು, ದೆಹಲಿಯ ಪುಟದಲ್ಲಿ ಅದಕ್ಕೆ ನಮೂದೇ ಇರಲಿಲ್ಲ. ಇದನ್ನು ಪ್ರಬುದ್ಧತೆ ಎನ್ನುವವರಿದ್ದಾರೆ. ನನಗೆ ಅರ್ಧ ಹಾಗೆ ಅನಿಸುತ್ತದೆ. ಕೊಡುವಾಗ ಹೆಸರು ಹಾಕಿಕೊಂಡವರನ್ನು ಕೊರತೆ ಬಿದ್ದಾಗ ಕರೆಯದೇ ಬಿಡುವುದು ಉಳಿದರ್ಧ.

ಹೆಸರು ಹಾಕಿಕೊಂಡದ್ದಂತೂ ಎಲ್ಲರ ಮೊಬೈಲಿನಲ್ಲೂ ಇತ್ತು. ಲಸಿಕೆಯ ಪ್ರಮಾಣಪತ್ರದ ಕೆಳಗೆ ಪ್ರಧಾನಿಯ ಚಿತ್ರ. ಶ್ರೀನಿವಾಸಪುರದಂಥ ಊರುಗಳ ಸೈಬರ್ ಸೆಂಟರುಗಳಲ್ಲಿ ಅದನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಆಧಾರ್ ಕಾರ್ಡಿನ ಜೊತೆ ಪರ್ಸಿನಲ್ಲಿ ಇಟ್ಟುಕೊಂಡವರಿಗೆ ಲೆಕ್ಕವಿಲ್ಲ. ಚಿತ್ರ ಬೇಡ ಎಂದು ಕೇರಳ ಹೈಕೋರ್ಟಿಗೆ ಹೋದವರಿಗೆ ಏಕಸದಸ್ಯ ಪೀಠ ಒಂದು ಲಕ್ಷ ದಂಡ ಹಾಕಿ ಕಳಿಸಿತ್ತು. ಸತ್ತವರ ದಾಖಲೆಯ ಮೇಲೆ ಯಾರ ಚಿತ್ರವೂ ಇರಲಿಲ್ಲ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಪ್ರಮಾಣಪತ್ರ ಡೌನ್‌ಲೋಡ್ ಮಾಡಿದವರಿಗೆ ಚಿತ್ರ ಕಾಣಲಿಲ್ಲ. ನೀತಿಸಂಹಿತೆ ಇರುವುದರಿಂದ ತೆಗೆದಿದ್ದೇವೆ ಎಂದು ಆರೋಗ್ಯ ಸಚಿವಾಲಯ ಹೇಳಿತು. ಲ್ಯಾಮಿನೇಷನ್ ಮಾಡಿಸಿದವರ ಪರ್ಸಿನಲ್ಲಿ ಅದು ಹಾಗೇ ಇತ್ತು, ಕೋಲಾರ ಏಪ್ರಿಲ್ 26ರಂದು ಮತ ಹಾಕಿದಾಗಲೂ.

ಆಶಾಗಳ ಪುಟ ಬೇಗ ಚುಕ್ತಾ ಆಗಲಿಲ್ಲ. 2025ರ ಜನವರಿಯ ಚಳಿಯಲ್ಲಿ ಕೋಲಾರವೂ ಸೇರಿದಂತೆ ರಾಜ್ಯದ ಎಲ್ಲೆಡೆಯಿಂದ ಬಂದವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅದೇ ಗುಲಾಬಿ ಸೀರೆಯಲ್ಲಿ ಹಗಲು ರಾತ್ರಿ ಕೂತರು. ಈ ಸಲ ರಾಜ್ಯದಲ್ಲಿ ಆಳುವ ಪಕ್ಷ ಬೇರೆ. ನಾಲ್ಕನೇ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಕೊಡುವ ಭರವಸೆ ಕೊಟ್ಟ ಮೇಲೆ ಅವರು ಬಸ್ಸು ಹತ್ತಿದರು. ಐದು ವರ್ಷದ ಹಿಂದೆ, ಚಪ್ಪಾಳೆಯ ವರ್ಷದಲ್ಲಿ, ಅವರು ಕೇಳಿದ್ದು 12 ಸಾವಿರ.